ಸೇತುವೆಯ ಮೂರನೇ ಗೂಡು

ಸ್ಟೇರಿಂಗ್ ಬಿಟ್ಟ ಮೇಲೆ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕುಂದಾಣದ ಕಡೆಗೆ ಮೂವತ್ತೊಂದು ವರ್ಷ ಖಾಸಗಿ ಬಸ್ಸು ಓಡಿಸಿದವನು ನಾನು. ಈಗ ಟಿವಿ ಮುಂದೆ ಕೂತರೂ ಬಲಗಾಲು ಬ್ರೇಕ್ ಹುಡುಕುತ್ತಿತ್ತು. "ಹೋಗಿ ಅಡ್ಡಾಡ್ಕೊಂಡ್ ಬಾ. ನೀನು ಮನೇಲಿ ಸುತ್ತೋದ್ ನೋಡಿ ನನ್ ತಲೆ ತಿರುಗ್ತೈತೆ" ಎಂದು ಹೆಂಡತಿ ಆಚೆ ದಬ್ಬಿದಳು.

ಅಡ್ಡಾಡಲು ದೊಡ್ಡಬಳ್ಳಾಪುರದವರಿಗೆ ಅರ್ಕಾವತಿಯ ಹಳೇ ಕಲ್ಲುಸೇತುವೆ ಸಿಕ್ಕಿದೆ. ಪಕ್ಕದಲ್ಲೇ ಹೊಸದು ಎದ್ದ ಮೇಲೆ ಹಳೆಯದರ ಎರಡೂ ತುದಿಗೆ ಕಬ್ಬಿಣದ ಕಂಬ ನೆಟ್ಟು, ನಾಲ್ಕು ಬೆಂಚು ಹಾಕಿ, ನಡೆಯುವವರಿಗೆ ಬಿಟ್ಟರು. ದಿನಕ್ಕೆ ಎಂಟು ಸಲ ದಾಟಿದ ಸೇತುವೆ. ಅದು ಅಷ್ಟು ಕಿರಿದು ಎಂದು ನಡೆದಾಗಲೇ ಗೊತ್ತಾಯಿತು. ದೂರದಿಂದಲೇ ಮೂರು ಹಾರ್ನು ಹೊಡೆದು, ಬ್ರೇಕ್ ಮುಟ್ಟದೆ ಹದಿನೆಂಟು ಸೆಕೆಂಡಿನಲ್ಲಿ ದಾಟುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದೆ.

ಮೊದಲ ಸಂಜೆಯೇ ಲಕ್ಷ್ಮೀದೇವಮ್ಮನನ್ನು ಕಂಡೆ. ನೇಯ್ಗೆಯವರ ಮನೆಯ ಮುದುಕಿ. ಮಗ್ಗದಿಂದ ಇಳಿದ ಸೀರೆಗಳನ್ನು ಗಂಟು ಕಟ್ಟಿ ಆಚೆ ದಡದ ಅಂಗಡಿಗೆ ಹೊರುತ್ತಾಳೆ. ಹೊಸ ಸೇತುವೆ ಮೇಲೆ ಯಾವುದೋ ಲಾರಿ ಹಾರ್ನು ಹೊಡೆಯಿತು. ತಕ್ಷಣ ಅವಳು ತಡೆಗೋಡೆಯ ಮೂರನೇ ಗೂಡಿಗೆ ಸರಿದು, ಗಂಟನ್ನು ಎದೆಗೆ ಅವುಚಿ, ಕಲ್ಲಿಗೆ ಬೆನ್ನು ಒತ್ತಿ ನಿಂತಳು. ಗಾಡಿ ಬಂದಾಗ ನಡೆಯುವವರು ಸರಿದು ನಿಲ್ಲಲೆಂದು ಹಿಂದಿನವರು ಬಿಟ್ಟ ಗೂಡು ಅದು. ಸೆಲ್ಫಿ ತೆಗೆಯುತ್ತಿದ್ದ ಹುಡುಗಿಯರು ನಕ್ಕರು. ನನಗೆ ನಗು ಬರಲಿಲ್ಲ.

ಹನ್ನೆರಡು ವರ್ಷದ ಹಿಂದೆ, ಅದೇ ಮೂರನೇ ಗೂಡಿನ ಹತ್ತಿರ, ನನ್ನ ಬಸ್ಸು ಒಬ್ಬ ಹೆಂಗಸಿನ ಗಂಟಿಗೆ ತಗುಲಿತ್ತು. ಸೀರೆಗಳು ಬಿಚ್ಚಿಕೊಂಡು ಹೊಳೆಗೆ ಬಿದ್ದವು. ಅವಳು ಮಂಡಿಯೂರಿ ಕೆಳಗೆ ಬಗ್ಗಿದ್ದು ಕನ್ನಡಿಯಲ್ಲಿ ಕಂಡಿತು. ನಾನು ನಿಲ್ಲಿಸಲಿಲ್ಲ. ಟೈಮಾಗಿತ್ತು.

ಆ ಹೆಂಗಸು ಇವಳೇ. ಹೇಳಿಬಿಡಬೇಕು ಎಂದು ಹತ್ತು ಸಂಜೆ ಹೋದೆ. ಹತ್ತು ಸಂಜೆಯೂ ಬಿಸಿಲು, ಮಂಡಿನೋವು, ಕರೆಂಟು ಹೋಗುವ ಹೊತ್ತು ಎಂದು ಏನೇನೋ ಮಾತಾಡಿ ವಾಪಸು ಬಂದೆ. ಹನ್ನೊಂದನೇ ದಿನ ಅವಳೇ, "ಇಲ್ಲಿ ಬಸ್ಸೋರು ಬಾಳ ಕೆಟ್ಟೋರಿದ್ರು ಬೈರಣ್ಣ" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಬಾಯಿಂದ ಬಂದೇಬಿಟ್ಟಿತು.

"ನಿಮ್ ಗಂಟು ಹೊಳೆಗೆ ಬೀಳ್ಸಿದ್ದು ನಾನೇ ಕಣಮ್ಮ."

"ಗೊತ್ತು. ಮೂರು ಹಾರ್ನು ಹೊಡ್ಕೊಂಡ್ ಬರ್ತಿದ್ದೋನು ನೀನೇ ತಾನೆ. ನೀನು ನಡ್ಕೊಂಡ್ ಬಂದ ಮೊದಲ್ನೇ ದಿನಾನೇ ಮುಖ ನೋಡಿ ಗುರ್ತು ಹಿಡ್ದೆ."

"ಮತ್ತೆ ಇಷ್ಟ್ ವರ್ಷ ಯಾಕ್ ಕೇಳ್ಲಿಲ್ಲ?"

"ನೀನು ನಿಲ್ಸಿದ್ರೆ ತಾನೆ ಕೇಳೋದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಅವಳ ಮುಖ ನೋಡಲಾಗದೆ ದಾರಿಯ ನಡುವೆಯೇ ನಿಂತೆ. ಅಷ್ಟರಲ್ಲಿ ಹೊಸ ಸೇತುವೆ ಮೇಲೆ ಬಸ್ಸೊಂದು ಹಾರ್ನು ಹೊಡೆಯಿತು. ಅವಳು ಗೂಡಿಗೆ ಸರಿದಳು.

"ಇಲ್ಲಿಗೆ ಬರಲ್ಲಮ್ಮ, ಕಂಬ ನೆಟ್ಟವ್ರೆ" ಎಂದೆ.

"ನಂಗ್ ಗೊತ್ತು ಕಣಪ್ಪ. ಕಾಲಿಗ್ ಗೊತ್ತಿಲ್ಲ. ನೀನ್ಯಾಕ್ ದಾರೀಲಿ ನಿಂತಿದ್ದೀಯ, ಒಳಗ್ ಬಾ" ಎಂದು ತೋಳು ಹಿಡಿದು ಎಳೆದುಕೊಂಡಳು.

ಗೂಡಿನಲ್ಲಿ ಇಬ್ಬರಿಗೆ ಜಾಗ ಸಾಲದು. ಗಂಟು ನಮ್ಮಿಬ್ಬರ ನಡುವೆ ಸಿಕ್ಕಿಕೊಂಡಿತು. ನನ್ನ ಬಲಗಾಲು ಮಾತ್ರ ಹೊರಗೆ ಉಳಿದು, ಬಸ್ಸಿನ ಸದ್ದು ಪೂರ್ತಿ ಅಡಗುವ ತನಕ ಇಲ್ಲದ ಬ್ರೇಕನ್ನು ಒತ್ತಿಕೊಂಡೇ ಇತ್ತು.