ನೀರಿನ ಸಾಲಿನ ಗೆರೆ

ನೀರಿನ ಸಾಲಿನಲ್ಲೂ ಗೆರೆ ಮೂಡಿತ್ತು. ಅವಳು ನೀಲಿ ಬೆಳಕಿನ ಪೆಟ್ಟಿಗೆಗೆ ಮುಖ ತಂದು ಮತ್ತೊಮ್ಮೆ ನೋಡಿದಳು. ಮಬ್ಬಾಗಿತ್ತು, ಆದರೆ ಇತ್ತು.

ತೋಟವೊಂದರಿಂದ ಬಂದ ಸೀಬೆಹಣ್ಣಿನ ಒಳಗೆ ಸಿಕ್ಕಿದ್ದು ಅಕ್ಕಿಕಾಳಿನಷ್ಟು ಒಂದೇ ಒಂದು ಮರಿಹುಳ. ಅದು ಇಲ್ಲಿನ ಹಣ್ಣುನೊಣದ್ದೋ ಹೊರಗಿನಿಂದ ಬಂದ ನೊಣದ್ದೋ ಎಂದು ಎಂಥ ಪಳಗಿದ ಕಣ್ಣಿಗೂ ತಿಳಿಯುವುದಿಲ್ಲ. ಮರಿಯಲ್ಲಿ ಎರಡೂ ಒಂದೇ ರೂಪ. ಹಾಗಾಗಿ ಹುಳದ ಅರ್ಧವನ್ನು ಅರೆದು, ಡಿಎನ್‌ಎ ತೆಗೆದು, ಯಂತ್ರದಲ್ಲಿ ಅದರ ಕೋಟಿಗಟ್ಟಲೆ ಪ್ರತಿ ಮಾಡಿ, ಜೆಲ್ ಎಂಬ ಲೋಳೆಪದರದ ಸಾಲುಗಳಲ್ಲಿ ಹರಿಸಿದ್ದಳು. ಗೆರೆ ಕೆಳಗೆ ನಿಂತರೆ ಇಲ್ಲಿನ ನೊಣ, ಮೇಲೆ ನಿಂತರೆ ಹೊರಗಿನದು. ಹೊರಗಿನದಾದರೆ ಆ ತೋಟದ ಒಂದು ಹಣ್ಣೂ ಹೊರಗೆ ಹೋಗುವಂತಿಲ್ಲ. ಪಕ್ಕದ ಸಾಲಿಗೆ ಹಾಕಿದ್ದು ಬರೀ ನೀರು. ಅದು ಖಾಲಿ ಉಳಿಯಬೇಕು. ಅಲ್ಲೂ ಗೆರೆ ಬಂದರೆ ಎಲ್ಲೋ ಹಳೆಯ ಡಿಎನ್‌ಎ ಬೆರೆತಿದೆ ಎಂದರ್ಥ.

ಹುಳದ ಸಾಲಿನ ಗೆರೆ ಕೆಳಗೇ ನಿಂತಿತ್ತು. ಅದರ ಮೇಲೆ ಮಸುಕಾಗಿ ಇನ್ನೇನೋ, ಗೆರೆ ಎನ್ನುವಷ್ಟಿರಲಿಲ್ಲ.

"ಇಲ್ಲಿನದೇ ಅಲ್ವಾ?" ಪ್ರಯೋಗಾಲಯದ ಮುಖ್ಯಸ್ಥರು ಹಿಂದೆ ಬಂದು ನಿಂತಿದ್ದರು. "ಒಳ್ಳೇದಾಯ್ತು. ಬರೆದುಬಿಡಿ, ಸಹಿ ಹಾಕ್ತೀನಿ. ಆ ತೋಟದವರ ಲಾರಿ ಹಣ್ಣು ತುಂಬ್ಕೊಂಡು ಬೆಳಗ್ಗೆಯಿಂದ ಕಾಯ್ತಾ ನಿಂತಿದೆ."

ಆ ತೋಟ ಅವಳ ಅಕ್ಕನದು. ನಾಲ್ಕು ವರ್ಷ ಸಾಕಿದ ಗಿಡಗಳು ಈ ಸಲ ಮೊದಲ ಬಾರಿ ಮೈತುಂಬ ಕಾಯಿ ಬಿಟ್ಟಿದ್ದವು. "ಏನೇ ಹುಳದ ಡಾಕ್ಟ್ರೇ, ನಮ್ಮನೆ ಹುಳನ ಚೆನ್ನಾಗಿ ನೋಡ್ಕೊ," ಎಂದು ಅಕ್ಕ ನಿನ್ನೆಯಷ್ಟೇ ಫೋನಿನಲ್ಲಿ ನಕ್ಕಿದ್ದಳು. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ.

"ಸಾರ್, ನೀರಿನ ಸಾಲು ನೋಡಿ."

ಅವರು ಬಗ್ಗಿ ನೋಡಿದರು. "ಕಲೆ ಇರಬಹುದು."

"ಕಲೆ ಅಲ್ಲ. ಬೆರಕೆ. ಇನ್ನರ್ಧ ಹುಳ ಸ್ಪಿರಿಟ್ಟಲ್ಲಿದೆ, ಮತ್ತೆ ಮಾಡ್ಬೇಕು." ಅವಳು ಕೈಗವಸು ಕಳಚಿದಳು. "ಇನ್ನೊಂದು ವಿಷಯ. ಆ ತೋಟ ನಮ್ಮಕ್ಕಂದು. ಮೊದಲೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಅವರು ಹೊಸ ಕೈಗವಸಿನ ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡರು.

"ಹಾಗಾದ್ರೆ ಈ ಸಲ ನಾನು ಮಾಡ್ತೀನಿ," ಎಂದರು. "ನೀವು ನೋಡ್ತಾ ಇರಿ. ಕೈ ಹಾಕ್ಬೇಡಿ."

ಬೇರೆ ಕೋಣೆ, ಹೊಸ ಬಾಟಲಿ, ಹೊಸ ಕೊಳವೆ. ಅವರ ಕೈ ನಿಧಾನ, ರೂಢಿ ತಪ್ಪಿತ್ತು. ಉಳಿದ ಅರ್ಧ ಹುಳ ಚಿಮಟದ ತುದಿಯಿಂದ ಜಾರಿ ಮೇಜಿನ ಅಂಚಿಗೆ ಬಿದ್ದಾಗ ಅವಳು ಮುಂದೆ ಚಾಚಿದ ಕೈಯನ್ನು ಹಿಂದಕ್ಕೆಳೆದು ಉಸಿರು ಹಿಡಿದಳು. "ಉಸಿರಾಡಿ," ಎಂದರು ಅವರು, ತಲೆ ಎತ್ತದೆ. ಎರಡನೇ ಪ್ರಯತ್ನದಲ್ಲಿ ಅದು ಕೊಳವೆ ಸೇರಿತು. ಯಂತ್ರ ಗುಂಯ್‌ಗುಟ್ಟುವಾಗ ಅಕ್ಕನಿಂದ ನಾಲ್ಕು ಕರೆ ಬಂದವು. ಅವಳು ಫೋನನ್ನು ಬೋರಲು ಹಾಕಿದಳು.

ನಾಲ್ಕು ಗಂಟೆಗೆ ಇಬ್ಬರೂ ನೀಲಿ ಬೆಳಕಿನ ಮುಂದೆ ನಿಂತರು. ನೀರಿನ ಸಾಲು ಖಾಲಿ. ಹುಳದ ಸಾಲಿನಲ್ಲಿ ಒಂದೇ ಗೆರೆ, ಮೇಲೆ. ಬೆಳಗ್ಗೆ ಕೆಳಗೆ ಕಂಡಿದ್ದು ಬೆರೆತ ಹಳೆಯ ಡಿಎನ್‌ಎಯ ಗೆರೆ.

"ನಾನೇ ತಿಳಿಸ್ಲಾ?" ಎಂದು ಕೇಳಿದರು ಅವರು.

"ವರದಿ ನೀವು ಕಳ್ಸಿ ಸಾರ್. ಅಕ್ಕಂಗೆ ನಾನು ಹೇಳ್ತೀನಿ."

ಕಾರಿಡಾರಿನ ಕೊನೆಗೆ ಹೋಗಿ ಕರೆ ಮಾಡಿದಳು. ಹುಳ ಹೊರಗಿನದೆಂದು ಅಕ್ಕನಿಗೆ ಹೇಳಿದಳು.

"ಲಾರಿ ಹೋಗೋ ಹಾಗಿಲ್ಲ. ಮರದಲ್ಲಿರೋ ಕಾಯಿನೂ ಕೀಳ್ಬೇಕಾಗುತ್ತೆ. ಒಂದೂ ಬಿಡೋ ಹಾಗಿಲ್ಲ," ಎಂದಳು ಅವಳು.

"ಪಕ್ಕದ ತೋಟಕ್ಕೆ ಹಾರಿದ್ಯಾ?" ಅಕ್ಕ ಕೇಳಿದಳು.

"ಗೊತ್ತಿಲ್ಲ. ನಾಳೆ ಹುಡುಕ್ತಾರೆ."

"ಬೆಳಗ್ಗೆ ಇಲ್ಲಿನ ಹುಳನೇ ಅಂತ ಬಂದಿತ್ತಂತೆ. ಲಾರಿಯವ್ರಿಗೆ ಯಾರೋ ಹೇಳಿದ್ರು."

"ಬಂದಿತ್ತು. ಅದು ಸರಿ ಇರ್ಲಿಲ್ಲ ಅಕ್ಕ. ನಾನೇ ಮತ್ತೆ ಮಾಡ್ಸಿದ್ದು."

ಅಕ್ಕ ಫೋನನ್ನು ಬಾಯಿಂದ ದೂರ ಹಿಡಿದು, ಯಾರಿಗೋ "ಇಳಿಸ್ರಪ್ಪಾ," ಎಂದಳು. ಕರೆ ಕತ್ತರಿಸಲಿಲ್ಲ. ತಂಗಿ ಗೋಡೆಗೆ ಒರಗಿ ನಿಂತಳು. ಕಿವಿಯೊಳಗೆ ಒಂದಾದ ಮೇಲೊಂದರಂತೆ ಹಣ್ಣಿನ ಪೆಟ್ಟಿಗೆಗಳು ನೆಲಕ್ಕಿಳಿಯತೊಡಗಿದವು.