ಶಲವಡಿಯ ಸಮುದ್ರ

ಶಲವಡಿ ಊರಿನ ಸಂಗನಬಸವನ ಪಡಸಾಲೆಯ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಕಂಡರೆ ಅರಬ್ಬಿ ಸಮುದ್ರವೂ ನಾಚಬೇಕು! ಈಗ ಅದರಲ್ಲಿ ಉಳಿದಿದ್ದದ್ದು ಒಂದೇ ಕಿತ್ತಳೆ ಮೀನು. ಅದೂ ತಳದಲ್ಲಿ ಏದುಸಿರು ಬಿಡುತ್ತಿತ್ತು.

ಅವನು ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು ಮೀನಿಗೆ ವಿಷವಾಗುವ ನೈಟ್ರೇಟ್ ಎಷ್ಟಿದೆಯೆಂದು ತೋರಿಸುವ ಪರೀಕ್ಷೆಯ ಹನಿ ಹಾಕಿದ. ಹಳದಿಯಾಗಬೇಕಿದ್ದ ನೀರು, ಜಗತ್ತಿನ ಕುಂಕುಮವೆಲ್ಲ ಕರಗಿದಂತೆ ಕೆಂಪಾಯಿತು.

"ಯವ್ವಾ, ಇದರಾಗ ಏನರ ಹಾಕಿಯೇನ?"

"ನೀರು ಇಳದಿತ್ತಲ್ಲೋ," ಎಂದಳು ತಾಯಿ ಶಾರದವ್ವ. "ಕೆರಿ ನೀರು ಸಿಹಿ, ಸಮುದ್ರದ ಮೀನಿಗೆ ಒಗ್ಗೂದಿಲ್ಲಂತ ಬೋರಿನ ಸವಳ ನೀರು ದಿನಾ ಒಂದು ಕೊಡ ಹಾಕೀನಿ. ಹೆಗಲ ಬಿದ್ದು ಹೋತು!"

ಬೋರಿನ ನೀರಿಗೂ ಹನಿ ಹಾಕಿದ. ಅದು ಇನ್ನೂ ಕೆಂಪು. ಸಿಟ್ಟು ಬರಲೆಂದು ಒಂದು ಯುಗ ಕಾದ, ಬರಲಿಲ್ಲ. ಮೀನು ಮೆಲ್ಲಗೆ ಮಗುಚಿ ತೇಲಿತು.

"ಇವತ್ತಿನ ಕೊಡ ಹಾಕ್ಲೇನೋ?"

"ಬ್ಯಾಡ ಬಿಡವ್ವಾ. ಅದಕ್ಕ ನೀರಡಿಕಿ ಇಲ್ಲ."