ಅಕ್ಕನ ಸ್ವೆಟರಿನ ಬಲತೋಳು

ಮನೆಯಲ್ಲಿ ನನಗೆ ಸಾಸಿವೆ ಎಂದು ಅಡ್ಡಹೆಸರು. ಕಾದ ಎಣ್ಣೆಗೆ ಬಿದ್ದ ಹಾಗೆ ಸಿಡಿಯುತ್ತೇನಂತೆ. ಇರಬಹುದು. ಆದರೆ ಬಣ್ಣ ಕಾಯುತ್ತಿರುವ ಪಾತ್ರೆಗೆ ಕಂಡವರೆಲ್ಲ ಕೈ ಹಾಕಿದರೆ ಯಾರು ತಾನೆ ಸಿಡಿಯುವುದಿಲ್ಲ?

ನಾನು ಹಳೇ ಬಟ್ಟೆಯಂಗಡಿಯಿಂದ ಉಣ್ಣೆ ಸ್ವೆಟರುಗಳನ್ನು ಆರಿಸಿ ತಂದು ಬಿಚ್ಚುತ್ತೇನೆ. ಬಿಚ್ಚಿದ ನೂಲು ಗುಂಗುರು ಗುಂಗುರಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತೊಳೆದು, ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಸಣ್ಣ ಉರಿಯ ಮೇಲೆ ಬಣ್ಣ ಹಾಕಿ ಮತ್ತೆ ಹೆಣೆಯುತ್ತೇನೆ. ತರಕಾರಿ ಅಂಗಡಿಯವಳು ನನಗೋಸ್ಕರ ಸಿಪ್ಪೆಯನ್ನು ಚೀಲಗಟ್ಟಲೆ ಕೂಡಿಡುತ್ತಾಳೆ. ನಮಗೆ ಈರುಳ್ಳಿ ಕೊಳ್ಳಲು ಗತಿಯಿಲ್ಲ ಎಂದು ಬಹಳ ದಿನ ಮರುಗಿದ್ದಳು, ಪಾಪ.

ಈ ಸಲದ ಸ್ವೆಟರು ಅಕ್ಕನಿಗೆ. ಇಪ್ಪತ್ತಾರು ವರ್ಷ ಲಾಂಡ್ರಿಯಲ್ಲಿ ಊರವರ ಬಟ್ಟೆ ಇಸ್ತ್ರಿ ಮಾಡಿದ ನನ್ನಕ್ಕ, ಐವತ್ತೆರಡನೇ ವಯಸ್ಸಿಗೆ ಬಸ್ ಓಡಿಸಲು ಕಲಿತು ಪರೀಕ್ಷೆ ಪಾಸಾಗಿದ್ದಳು. ಸೋಮವಾರ ಬೆಳಿಗ್ಗೆ ಮೊದಲ ಟ್ರಿಪ್ಪು. ಡಿಪೋದವರು ಕೊಟ್ಟ ಜಾಕೆಟ್ಟು ಯಾವುದೋ ಪೈಲ್ವಾನನ ಅಳತೆಯದು. ತರಬೇತಿಯಲ್ಲಿ ಅದರ ತೋಳು ಜಾರಿ ಜಾರಿ ಹಾರನ್ ಅನ್ನು ತಾನೇ ಒತ್ತಿಬಿಡುತ್ತಿತ್ತಂತೆ. ಮೇಲ್ವಿಚಾರಕರು ಕನಿಕರದಿಂದ ಹೇಳಿದ್ದರು: "ಸ್ವಂತ ಸ್ವೆಟರ್ ಹಾಕ್ಕೊಂಡು ಬನ್ನಿ. ಆದ್ರೆ ಪೂರ್ತಿ ಒಂದೇ ಬಣ್ಣ ಇರ್ಬೇಕು. ಪಟ್ಟೆ, ಹೂವು ಅಂತ ಏನೂ ಇರಬಾರ್ದು."

ಚಿಕ್ಕಂದಿನಲ್ಲಿ ಅಕ್ಕ ಹಾಕಿ ಬಿಟ್ಟ ಬಟ್ಟೆಯೇ ನನಗೆ ಹೊಸ ಬಟ್ಟೆ. ಈಗ ನನ್ನ ಕೈಯಿಂದ ಅವಳಿಗೊಂದು ಹೊಸದು. ಅದೂ ಯಾರೋ ಹಾಕಿ ಬಿಟ್ಟ ನೂಲಿನದೇ ಅನ್ನಿ. ಆದರೂ ನನಗೆ ಖುಷಿಯೋ ಖುಷಿ.

ಮೊದಲ ಪಾತ್ರೆಯಲ್ಲಿ ನೂಲು ಎಂಥ ಬಣ್ಣಕ್ಕೆ ಬಂತೆಂದರೆ, ಹಳದಿಯಲ್ಲ, ಕಂದಲ್ಲ, ನೆರಳಿನ ಗೋಡೆಯ ಪಾಚಿಯಂಥ ಹಸಿರು. ಪಕ್ಕದ ಮನೆಯವರು, ಅಂಚೆಯವನು, ತರಕಾರಿಯವಳು, ಎಲ್ಲರಿಗೂ ತೋರಿಸಿ, "ಎಲ್ಲ ಕೈಗುಣ" ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪಾತ್ರೆ ಚಿಕ್ಕದಾದ್ದರಿಂದ ಎರಡು ಲಡಿ ಉಳಿದಿದ್ದವು. ಒಂದು ಸ್ವೆಟರಿನ ನೂಲಿಗೆಲ್ಲ ಒಂದೇ ಸಲ ಬಣ್ಣ ಹಾಕಬೇಕೆಂದು ಈ ಕೆಲಸ ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಯಾರನ್ನು ಕೇಳಬೇಕು? ಕೈಗುಣ ಎಲ್ಲಿ ಹೋಗುತ್ತದೆ ಎಂದುಕೊಂಡು ಅವನ್ನು ಎತ್ತಿಟ್ಟು ಹೆಣೆಯಲು ಕೂತೆ.

ಬೆನ್ನು, ಎದೆ, ಎಡತೋಳು ಮುಗಿಯುವಷ್ಟರಲ್ಲಿ ಪಾಚಿ ಬಣ್ಣದ ನೂಲೂ ಮುಗಿಯಿತು. ಬುಧವಾರ ಉಳಿದ ಲಡಿಗಳನ್ನು ಪಾತ್ರೆಗೆ ಹಾಕಿದೆ. ಹಳದಿ ಬಂತು. ಗುರುವಾರ ಸಿಪ್ಪೆ ಹೆಚ್ಚಿಸಿ ಮತ್ತೆ ಹಾಕಿದೆ. ಇನ್ನೂ ಹಳದಿ. ಶುಕ್ರವಾರ ಬೆಳಿಗ್ಗೆ ಪಾತ್ರೆ, ಸಿಪ್ಪೆ, ನಲ್ಲಿ ನೀರು, ತರಕಾರಿಯವಳು, ಎಲ್ಲರನ್ನೂ ಬೈದು ಮುಗಿಸಿ ತಲೆಯ ಮೇಲೆ ಕೈ ಹೊತ್ತು ಕೂತೆ. ಪಾಚಿ ಹಸಿರಿನ ಸ್ವೆಟರಿಗೆ ಹಳದಿ ಬಲತೋಳು ಹಾಕಿ ಅಕ್ಕನನ್ನು ಡಿಪೋಗೆ ಕಳಿಸುವುದು ಹೇಗೆ?

ನನ್ನ ಗಂಡ ಗಡಿಯಾರ ರಿಪೇರಿಯವರು. ಮಾತು ಕಡಿಮೆ, ಲೆಕ್ಕ ಜಾಸ್ತಿ. ಕಿಟಕಿಯ ಬಳಿ ಯಾರದೋ ಕೈಗಡಿಯಾರ ಬಿಚ್ಚಿಟ್ಟುಕೊಂಡಿದ್ದವರು ಆ ಬೆಳಿಗ್ಗೆ ಒಂದೇ ಸ್ಕ್ರೂವನ್ನು ಮೂರು ಸಲ ಬೀಳಿಸಿದರು.

"ಒಂದು ವಿಷಯ ಹೇಳ್ತೀನಿ, ಸಿಡೀಬಾರ್ದು," ಎಂದರು.

"ಮೊದ್ಲು ಹೇಳಿ."

"ಮೊದಲ್ನೇ ಸಲ ಬಣ್ಣ ಹಾಕಿದ ದಿನ ನೀನು ಅಕ್ಕನ ಹತ್ರ ಫೋನಲ್ಲಿದ್ದೆ. ಪಾತ್ರೆ ಉಕ್ಕೋ ಹಾಗಾಯ್ತು. ನಿನ್ನ ಮರದ ಕೋಲು ಕಾಣ್ಲಿಲ್ಲ. ಕಬ್ಬಿಣದ ಸೌಟು ಹಾಕಿ ತಿರುವಿದೆ. ಆಮೇಲೆ ಅಲ್ಲೇ ಬಿಟ್ಟಿದ್ದೆ."

ಕಬ್ಬಿಣ ಸೋಕಿದರೆ ಈರುಳ್ಳಿ ಸಿಪ್ಪೆಯ ಹಳದಿ ಹಸಿರಿಗೆ ತಿರುಗುತ್ತದೆ. ಇದು ನನಗೆ ಗೊತ್ತಿದ್ದ ಸಂಗತಿಯೇ. ಹಾಗಾದರೆ ಊರಿಗೆಲ್ಲ ಸಾರಿದ ನನ್ನ ಕೈಗುಣ ನಿಜಕ್ಕೂ ಒಂದು ಸೌಟಿನ ಗುಣ. ನಾನು ಇಂಗು ತಿಂದ ಮಂಗನಂತೆ ಕೂತಿದ್ದೆ. ಆಮೇಲೆ ಎಲ್ಲಿಂದಲೋ ನಗು ಬಂತು. ಅವರಿಗೆ ಅದರಿಂದ ಇನ್ನೂ ಹೆಚ್ಚು ಹೆದರಿಕೆಯಾಯಿತು ಎಂದು ಕಾಣುತ್ತದೆ, ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿಕೊಂಡರು.

"ಎಷ್ಟು ಹೊತ್ತು ಬಿಟ್ಟಿದ್ರಿ?"

"ನೀನು ಫೋನ್ ಇಡೋವರೆಗೂ. ನಲವತ್ತಮೂರು ನಿಮಿಷ."

ಹಳದಿ ಲಡಿಗಳನ್ನು ಮತ್ತೆ ಪಾತ್ರೆಗಿಳಿಸಿ, ಸೌಟು ಹಾಕಿ, ಅವರನ್ನು ಗಡಿಯಾರದೊಂದಿಗೆ ಒಲೆಯ ಮುಂದೆ ನಿಲ್ಲಿಸಿದೆ. "ನೋಡ್ತಾ ಇರಿ. ನಾನು ಹೇಳೋವರೆಗೂ ಏನನ್ನೂ ಮುಟ್ಟಬೇಡಿ," ಎಂದೆ. ಎಲ್ಲವೂ ಆವತ್ತಿನ ಹಾಗೇ ಆಗಲಿ ಎಂದು ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕನ ದನಿ ಸರಿಯಿರಲಿಲ್ಲ. ತರಕಾರಿ, ಮಂಡಿನೋವು ಎಂದು ಅರ್ಧ ಗಂಟೆ ಸುತ್ತಿ ಬಳಸಿ ಕೊನೆಗೆ ಬಾಯಿಬಿಟ್ಟಳು. "ನಾಳೆ ಡಿಪೋಗೆ ಹೋಗಿ, ನನ್ನ ಕೈಲಾಗಲ್ಲ ಅಂದ್ಬಿಡ್ತೀನಿ. ಬೆನ್ನ ಹಿಂದೆ ಅಷ್ಟು ಜನ ಕೂತಿರ್ತಾರೆ ಕಣೇ. ನೆನೆಸಿಕೊಂಡ್ರೆ ಕೈ ನಡುಗುತ್ತೆ." ಅಳತೊಡಗಿದಳು. ನನ್ನಕ್ಕ ಅತ್ತಿದ್ದನ್ನು ನಾನು ಕೇಳಿದವಳೇ ಅಲ್ಲ.

ನಾನು ಸಿಡಿಯಲಿಲ್ಲ. "ಸೈಕಲ್ ಹಿಂದೆ ನನ್ನ ಕೂರಿಸ್ಕೊಂಡು ಇಳಿಜಾರಲ್ಲಿ ಬಿಟ್ಟಿದ್ದೆ, ನೆನಪಿದೆಯಾ? ಬ್ರೇಕೇ ಇರ್ಲಿಲ್ಲ ಅದಕ್ಕೆ."

"ಇತ್ತು. ಹಿಂದಿನದು ಹಿಡೀತಿರ್ಲಿಲ್ಲ ಅಷ್ಟೆ."

"ಬದುಕಿದ್ದೀನಿ ತಾನೆ? ನಿನ್ನ ಬೆನ್ನ ಹಿಂದೆ ಮೊದ್ಲು ಕೂತವಳು ನಾನು. ಸೋಮವಾರನೂ ಕೂರ್ತೀನಿ."

ಅವಳು ಮೂಗು ಒರೆಸಿಕೊಂಡಳು, ನಕ್ಕಳು, ಮತ್ತೆ ಅತ್ತಳು, ಕೊನೆಗೆ ದೊಡ್ಡದೊಂದು ಉಸಿರು ಬಿಟ್ಟು, "ಸರಿ, ಓಡಿಸ್ತೀನಿ," ಎಂದಳು. ಫೋನ್ ಇಟ್ಟು ಕಣ್ಣೊರೆಸಿಕೊಂಡು ನೋಡಿದರೆ ನನ್ನ ಗಂಡ ಗಡಿಯಾರ ಹಿಡಿದು ಕಂಬದಂತೆ ನಿಂತಿದ್ದಾರೆ. ಸೌಟು ಇನ್ನೂ ಪಾತ್ರೆಯಲ್ಲೇ ಇದೆ.

"ಐವತ್ತೆರಡು ನಿಮಿಷ. ಒಂಬತ್ತು ಜಾಸ್ತಿ," ಎಂದರು. "ಕೈಸನ್ನೆ ಮಾಡಿದೆ, ನೀನು ನೋಡ್ಲಿಲ್ಲ. ಮುಟ್ಟಬೇಡ ಅಂದಿದ್ದೆಯಲ್ಲ."

ಭಾನುವಾರ ಮಧ್ಯಾಹ್ನ ಬಲತೋಳು ಸೇರಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಎಡತೋಳಿಗಿಂತ ಒಂದು ಕೂದಲೆಳೆಯಷ್ಟು ಗಾಢ. ಹಾಕಿ ನೋಡಲು ಬಂದ ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿ, "ಬಿಚ್ತೀನಿ, ಕೊಡು," ಎಂದೆ. ಅಷ್ಟರಲ್ಲಿ ಅವಳು ಎರಡೂ ತೋಳು ತೂರಿಸಿ, ಗುಂಡಿ ಹಾಕಿಕೊಂಡಾಗಿತ್ತು.

"ಮುಟ್ಟಿದ್ರೆ ನೋಡು," ಎಂದಳು. "ಓಡಿಸ್ತೀನಿ ಅಂತ ನಾನಂದಿದ್ದು ಆ ಕೊನೇ ಒಂಬತ್ತು ನಿಮಿಷದಲ್ಲಿ."

ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನನ್ನ ಗಂಡ ಇದನ್ನೂ ಒಂದು ದಾಖಲೆ ಎಂಬಂತೆ ಗಡಿಯಾರ ನೋಡಿಕೊಂಡರು.

ಸೋಮವಾರ ಡಿಪೋದ ಗೇಟಿನಲ್ಲಿ ಮೇಲ್ವಿಚಾರಕರು ಕನ್ನಡಕ ಏರಿಸಿ ಒಂದು ತೋಳು ನೋಡಿದರು, ಇನ್ನೊಂದು ತೋಳು ನೋಡಿದರು. "ಎರಡೂ ಒಂದೇ ಬಣ್ಣ ತಾನೇನಮ್ಮ?"

"ಒಂದೇ ಬಣ್ಣ ಸಾರ್. ಬಲಗಡೇದಕ್ಕೆ ಒಂಬತ್ತು ನಿಮಿಷ ಜಾಸ್ತಿ," ಎಂದಳು ಅಕ್ಕ.

ಅವರಿಗೆ ತಲೆಬುಡ ಅರ್ಥವಾಗಲಿಲ್ಲ. "ನಿಮಿಷ ಲೆಕ್ಕ ಇಡೋರು ಅಂದ್ರೆ ಒಳ್ಳೇದೇ. ಹೊರಡಿ," ಎಂದರು.

ನಾನು ಹೇಳಿದ ಮಾತಿನಂತೆ ಅವಳ ಬೆನ್ನ ಹಿಂದಿನ ಸೀಟಿನಲ್ಲೇ ಕೂತೆ. ಗೇಟು ದಾಟಿದ ಕೂಡಲೇ ದೊಡ್ಡ ತಿರುವು. ಅಕ್ಕ ಬಲಗೈಯನ್ನು ಸ್ಟೇರಿಂಗಿನ ಮೇಲೆ ಪೂರ್ತಿ ಚಾಚಿ ತಿರುಗಿಸಿದಳು. ಕೈ ನಡುಗಲಿಲ್ಲ, ತೋಳು ಜಾರಲಿಲ್ಲ, ಹಾರನ್ ಕೂಗಲಿಲ್ಲ.